ಒಂದು ಸೈಜ್ ದೊಡ್ಡದು

ಇವತ್ತು ಅಂಗಡಿಯಲ್ಲಿ ಬಿಸಿಡಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಅದೇ, ಡೈವಿಂಗ್‌ಗೆ ಹೋಗುವಾಗ ಸಿಲಿಂಡರ್ ಕಟ್ಟಿಕೊಳ್ಳುವ, ಗಾಳಿ ತುಂಬುವ ಜಾಕೆಟ್.

ಎಲ್ ಸೈಜ್ ಆರಾಮಾಗಿತ್ತು. ಇದೇ ಇರಲಿ ಅಂದೆ.

ಹುಡುಗ ಮಾತಾಡಲಿಲ್ಲ. ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿದ. ಜಾಕೆಟ್ ಸೀದಾ ಕಿವಿಗೆ ಬಂತು. ಒಳಗೆ ನಾನು ಆಮೆ ಥರ.

'ನೀರಿನ ಮೇಲೂ ಹೀಗೇ ಆಗುತ್ತೆ ಸರ್.'

ಹೋದ ಸಲ ನೇತ್ರಾಣಿಯಲ್ಲಿ ಬಾಡಿಗೆ ಜಾಕೆಟ್ ಹಾಕಿಕೊಂಡು ನೀರಲ್ಲಿ ದೋಣಿಗೆ ಕಾಯುವಾಗ ಗದ್ದ ಪೂರ್ತಿ ಒಳಗೆ ಹೂತು ಹೋಗಿತ್ತು. ಪಾಪ, ಅಲೆಗಳನ್ನು ಬೈದಿದ್ದೆ.

ಹಿಂದೆ ಮಾತ್ರ ಗಾಳಿ ತುಂಬುವ ವಿಂಗ್ ಥರದ್ದೂ ಇತ್ತು. ಕೆಳಗೆ ಈಜುವಾಗ ಮೈ ಚೆನ್ನಾಗಿ ಅಡ್ಡ ನಿಲ್ಲುತ್ತೆ, ಮೇಲೆ ಬಂದಾಗ ಸ್ವಲ್ಪ ಮುಂದಕ್ಕೆ ವಾಲಿಸುತ್ತೆ ಅಂತಾರೆ. ನನಗಿನ್ನೂ ಮುಖ ಮೇಲಿರೋದೇ ಮುಖ್ಯ. ಬೇಡ ಅಂದೆ.

ಆಮೇಲೆ ನೀರಲ್ಲಿ ಚಳಿ ತಡೆಯೋ ವೆಟ್‌ಸೂಟ್ ಮೇಲೆ ಎಂ ಸೈಜ್ ಹಾಕಿದೆ. ವಾಲ್ವ್ 'ಪುಸ್' ಅನ್ನೋವರೆಗೂ ಗಾಳಿ ತುಂಬಿದ. ಪಕ್ಕೆಗೆ ಒತ್ತಿದರೂ ಉಸಿರು ಪೂರ್ತಿ ಎಳೆಯೋಕೆ ಆಯಿತು. ಗಾಳಿ ಬಿಡೋ ದಾರ ನೋಡದೇ ಕೈಗೆ ಸಿಕ್ಕಿತು. ಅಷ್ಟೇ ನೋಡಬೇಕಾದ್ದು, ಬಣ್ಣ ಅಲ್ಲ. (ನೀಲಿ ತಗೊಂಡೆ ಅನ್ನೋದು ಬೇರೆ ವಿಷಯ.)

ದೊಡ್ಡದೇ ಇರಲಿ ಅನ್ನೋ ಬುದ್ಧಿ ಎಲ್ಲಿಂದ ಬಂತು ಅಂತ ಗೊತ್ತು. ಹತ್ತು ವರ್ಷ ಸ್ಕೂಲ್ ಯೂನಿಫಾರ್ಮ್ ತೋಳು ಮಡಚಿಕೊಂಡೇ ಹೋದವನು. 'ಮುಂದಿನ ವರ್ಷಕ್ಕೂ ಆಗುತ್ತೆ.'

ಅಮ್ಮನಿಗೆ ಫೋಟೊ ಕಳಿಸಿದೆ.

'ಬಿಗಿ ಕಾಣುತ್ತಲ್ಲೋ, ಒಂದು ಸೈಜ್ ದೊಡ್ಡದು ಇರಲಿಲ್ವಾ?'