ನಾಲ್ಕು ನಿಮಿಷ ಕಾದರೆ

ನಿನ್ನೆ ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪ್ಲಿನ್‌ನ 'ಸ್ಟೇರ್‌ವೇ ಟು ಹೆವನ್' ಕೇಳಿದೆ. 1971ರ ಹಾಡು. ಶುರುವಿಗೆ ಗಿಟಾರ್, ಜೊತೆಗೆ ಕೊಳಲಿನಂಥ ರೆಕಾರ್ಡರ್, ಅಷ್ಟೇ. ಜಾನ್ ಬಾನಮ್ ಡ್ರಮ್ಸ್ ಮುಟ್ಟುವುದೇ 4 ನಿಮಿಷ ದಾಟಿದ ಮೇಲೆ. ಆ ಮೊದಲ ಏಟಿಗೆ ಈಗಲೂ ಮೈ ಜುಮ್ ಅನ್ನುತ್ತದೆ. 8 ನಿಮಿಷದ ಹಾಡನ್ನು ಕತ್ತರಿಸಿ ಸಿಂಗಲ್ (ಒಂದೇ ಹಾಡಿನ ಪುಟ್ಟ ರೆಕಾರ್ಡ್) ಮಾಡಲು ಬ್ಯಾಂಡ್ ಒಪ್ಪಲೇ ಇಲ್ಲ.

ಈಗ ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಎಷ್ಟೋ ಹಾಡುಗಳು ಸೀದಾ ಪಲ್ಲವಿಗೇ ನುಗ್ಗುತ್ತವೆ. ಹೊಸ ಹುಡುಗರಲ್ಲಿ ಪ್ರತಿಭೆ ಜಾಸ್ತಿನೇ ಇದೆ. ಆದರೆ ಕೇಳುಗರನ್ನು ಕಾಯಿಸುವ ಧೈರ್ಯಕ್ಕೆ ಜಾಗ ಇಲ್ಲ. 2024ರಿಂದ, ವರ್ಷದಲ್ಲಿ 1000 ಸಲವೂ ಕೇಳದ ಹಾಡಿಗೆ ಅಲ್ಲಿ ದುಡ್ಡೂ ಇಲ್ಲ. ಈಗಷ್ಟೇ ಶುರು ಮಾಡಿದ ಬ್ಯಾಂಡಿಗೆ ಇದು ಅನ್ಯಾಯ ಅಲ್ವಾ?