ಆರು ಎಸಳಿನ ನಂದಿಬಟ್ಟಲು

14 ಆಗಸ್ಟ್ 2024, ಬುಧವಾರ, ರಾತ್ರಿ

ನಮ್ಮ ಬೀದಿಯ ಸುಮಕ್ಕನ ಮೇಲೆ ಸಿಟ್ಟು ಬಂದಿದೆ. ಬರೆದರೆ ಇಳಿಯುತ್ತದೇನೋ ನೋಡೋಣ. ಅವರು ಇದನ್ನು ಓದುವುದಿಲ್ಲ. ಓದಿದರೂ ನಾಳೆ ಸಂಜೆ ಕಾಫಿಗೆ ಬಂದೇ ಬರುತ್ತಾರೆ.

ಭಾನುವಾರ ಹಿತ್ತಲಿನ ನಂದಿಬಟ್ಟಲು ಗಿಡದಲ್ಲಿ ಒಂದು ಏಡಿ ಜೇಡ ಸಿಕ್ಕಿತು. ಬಿಳಿ ಹೂವಿನ ಮೇಲೆ ಬಿಳಿ ಜೇಡ. ಮುಂದಿನ ಎರಡು ಜೊತೆ ಕಾಲು ಅಗಲಿಸಿಕೊಂಡು ಹೂವಿನ ನಡುವೆ ಅಲ್ಲಾಡದೆ ಕೂತಿತ್ತು. ಇವು ಬೇಟೆಗೆ ಬಲೆ ಕಟ್ಟುವುದಿಲ್ಲ. ನೊಣವೋ ಜೇನೋ ಬಂದು ಇಳಿಯಲಿ ಎಂದು ಕಾಯುತ್ತವೆ. ಕೆಲವು ಜಾತಿಯವು ಕೂತ ಹೂವಿಗೆ ತಕ್ಕಂತೆ ಬಿಳಿಯಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಮೈಬಣ್ಣವನ್ನೂ ಬದಲಿಸಿಕೊಳ್ಳುತ್ತವೆ. ತಕ್ಷಣಕ್ಕೆ ಆಗುವ ಕೆಲಸ ಅಲ್ಲ ಅದು, ದಿನಗಟ್ಟಲೆ ಹಿಡಿಯುತ್ತದೆ. ನಮ್ಮ ಜೇಡ ಎಷ್ಟು ದಿನದಿಂದ ಅಲ್ಲಿತ್ತೋ. ಅತ್ತೆ ದಿನಾ ಬೆಳಿಗ್ಗೆ ಅದೇ ಗಿಡದಿಂದ ಬುಟ್ಟಿ ತುಂಬಾ ಹೂ ಬಿಡಿಸುತ್ತಾರೆ, ಅವರ ಕೈಗೂ ಸಿಕ್ಕಿರಲಿಲ್ಲ.

ಫೋಟೋ ಚೆನ್ನಾಗಿ ಬಂತು. ನನ್ನ ಮಟ್ಟಕ್ಕೆ ತುಂಬಾನೇ ಚೆನ್ನಾಗಿ ಬಂತು. ಸ್ಟೇಟಸ್‌ಗೆ ಹಾಕಿದೆ. ಸುಮಕ್ಕ ಕೂಡಲೇ, "ಇದನ್ನ ನಂಗೆ ಕಳ್ಸೇ, ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರಿಗೂ ವಿಶ್ ಮಾಡ್ತೀನಿ" ಅಂದರು. ಖುಷಿಯಾಗಿ ಕಳಿಸಿದೆ.

ಇವತ್ತು ಮಧ್ಯಾಹ್ನ ಅದು ವಾಪಸ್ ಬಂತು. ಮೇಲೆ ಬಂಗಾರದ ಬಣ್ಣದಲ್ಲಿ 'ವರಮಹಾಲಕ್ಷ್ಮಿ ಹಬ್ಬದ ಶುಭಾಶಯಗಳು'. ಮೂಲೆಯಲ್ಲಿ ಕಳಶ. ಕೆಳಗೆ ಸುಮಕ್ಕ, ಅವರ ಯಜಮಾನರು, ಮಕ್ಕಳ ಹೆಸರು. ನಡುವೆ ನನ್ನ ನಂದಿಬಟ್ಟಲು.

ಜೇಡ ಇರಲಿಲ್ಲ.

ಹಬ್ಬ ಇರೋದು ಶುಕ್ರವಾರ. ಬುಧವಾರವೇ ಶುಭಾಶಯ ಕಳಿಸೋದು ಸುಮಕ್ಕನ ಪದ್ಧತಿ. ಸಂಜೆ ಸಕ್ಕರೆ ಕೇಳುವ ನೆಪದಲ್ಲಿ ಬಂದರು.

"ಚೆನ್ನಾಗಿದೆ ಅಲ್ವೇನೇ? ನಮ್ಮ ಹುಡುಗ ಎರಡೇ ನಿಮಿಷದಲ್ಲಿ ಫೋನಲ್ಲೇ ಮಾಡಿಕೊಟ್ಟ."

"ಜೇಡ ಎಲ್ಲಿ ಹೋಯ್ತು ಸುಮಕ್ಕ?"

"ಯಾವ ಜೇಡ?"

"ಹೂವಿನ ಮಧ್ಯೆ ಇತ್ತಲ್ಲ."

"ಓ, ಅದಾ? ಬೆರಳಲ್ಲಿ ಸುತ್ತು ಹಾಕಿ ಅಳಿಸಿದ. ಹಬ್ಬದ ದಿನ ಬೆಳಿಗ್ಗೆ ಎದ್ದು ಜನ ಜೇಡದ ಮುಖ ನೋಡಬೇಕಾ? ನೀನೇ ಹೇಳು, ಲಕ್ಷ್ಮಿಗೆ ಹುಳ ಇರೋ ಹೂ ಇಡ್ತೀಯಾ?"

"ಅದು ಹುಳ ಅಲ್ಲ, ಎಂಟು ಕಾಲು ಅದಕ್ಕೆ."

"ನಂಗೆ ಕಾಲು ಎಣಿಸೋ ಪುರುಸೊತ್ತಿಲ್ಲ ಕಣೇ. ಅಲ್ಲಾ, ನಾನೂ ಕೇಳಬೇಕು ಅಂತಿದ್ದೆ. ನಿನ್ನ ಫೋಟೋದಲ್ಲಿ ಯಾಕೆ ಬರೀ ಇಂಥವೇ? ಗುಲಾಬಿ ತೆಗೆದರೆ ಇರುವೆ. ಸೇವಂತಿಗೆ ತೆಗೆದರೆ ಏನೋ ಕರಿ ಕರಿ ಚುಕ್ಕೆ. ದಾಸವಾಳದಲ್ಲಿ ಬಿಳಿ ಹಿಟ್ಟು ಹಿಟ್ಟು. ನಿನ್ನ ಕೈಗೆ ಒಂದಾದರೂ ಚೊಕ್ಕ ಹೂ ಸಿಗಲ್ವಾ?"

ಸಕ್ಕರೆ ತೆಗೆದುಕೊಂಡು ಹೋದರು. ಮಾತು ಮಾತ್ರ ಇಲ್ಲೇ ಉಳಿಯಿತು.

ಚೊಕ್ಕ ಹೂ ಎಲ್ಲಿಂದ ತರಲಿ? ಎರಡು ಅಡಿ ದೂರದಿಂದ ನೋಡಿದರೆ ಎಲ್ಲ ಹೂವೂ ಚೊಕ್ಕವೇ. ಹತ್ತಿರ ಹೋದ ಮೇಲೆ ತಾನೇ ತಾಪತ್ರಯ. ತೀರಾ ಹತ್ತಿರದಿಂದ ತೆಗೆಯುವ ದೊಡ್ಡ ಮ್ಯಾಕ್ರೋ ಲೆನ್ಸ್ ನನ್ನ ಹತ್ತಿರ ಇಲ್ಲ. ಹಳೇ ಕ್ಯಾಮೆರಾ, 50 ಎಂಎಂ ಲೆನ್ಸು, ಅವೆರಡರ ನಡುವೆ ಸಿಕ್ಕಿಸುವ ಎಕ್ಸ್‌ಟೆನ್ಷನ್ ಟ್ಯೂಬು. ಟ್ಯೂಬ್ ಒಳಗೆ ಗಾಜಿಲ್ಲ, ಏನೂ ಇಲ್ಲ, ಬರೀ ಟೊಳ್ಳು ಕೊಳವೆ. ಲೆನ್ಸನ್ನು ಕ್ಯಾಮೆರಾದೊಳಗೆ ಚಿತ್ರ ಬೀಳುವ ಸೆನ್ಸರ್‌ನಿಂದ ದೂರ ತಳ್ಳುತ್ತದೆ, ಅಷ್ಟೇ ಅದರ ಕೆಲಸ. 50 ಎಂಎಂ ಲೆನ್ಸಿಗೆ 50 ಎಂಎಂನಷ್ಟು ಕೊಳವೆ ಕೂಡಿಸಿದರೆ ಒಂದು ಸೆಂಟಿಮೀಟರ್ ಹೂವು ಸೆನ್ಸರ್ ಮೇಲೂ ಒಂದು ಸೆಂಟಿಮೀಟರ್ ಆಗಿಯೇ ಬೀಳುತ್ತದೆ. ಅದನ್ನು ಟಿವಿಗೆ ಹಾಕಿ ನೋಡಿದರೆ ದಾಸವಾಳದ ಪರಾಗದ ಒಂದೊಂದು ಕಾಳೂ ಬೇರೆ ಬೇರೆ ಕಾಣುತ್ತದೆ. ನಾವು ಬೆರಳಿಗೆ ಅಂಟಿದ ಹಳದಿ ಪುಡಿ ಎಂದು ಸೀರೆಗೆ ಒರೆಸಿಕೊಳ್ಳುತ್ತೇವಲ್ಲ, ಅದು.

ಅಷ್ಟು ಪರಾಗ ಇಟ್ಟುಕೊಂಡೂ ನಮ್ಮ ಕೆಂಪು ದಾಸವಾಳ ಕಾಯಿ ಬಿಟ್ಟಿದ್ದು ನಾನಂತೂ ನೋಡಿಲ್ಲ. ಮನೆ ಮುಂದೆ ಬೆಳೆಸುವ ದಾಸವಾಳಗಳು ಬೀಜ ಕಟ್ಟುವುದು ಅಪರೂಪವೇ. ಕಡ್ಡಿ ನೆಟ್ಟೇ ಬೀದಿಯ ಎಲ್ಲ ಮನೆಗೂ ಹಬ್ಬಿದ್ದು. ಸುಮಕ್ಕನ ಮನೆಯದೂ ನಮ್ಮ ಗಿಡದ ಕಡ್ಡಿಯೇ! ಹಾಗಾಗಿ ಅವರ ದಾಸವಾಳದಲ್ಲಿ ಬಿಳಿ ಹಿಟ್ಟು ಇಲ್ಲ ಅನ್ನೋದನ್ನು ನಾನು ನಂಬುವುದಿಲ್ಲ. ಹಿಟ್ಟು ತಿಗಣೆ ಅದು. ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಅದನ್ನು ನೆಕ್ಕುವ ಆಸೆಗೆ ಇರುವೆಗಳು ಬರುತ್ತವೆ. ಬಂದು ತಿಗಣೆಯನ್ನು ಕಾಯುತ್ತವೆ, ತಿನ್ನಲು ಬಂದವರನ್ನು ಓಡಿಸುತ್ತವೆ. ಸೇವಂತಿಗೆಯ ಕರಿ ಚುಕ್ಕೆ ಥ್ರಿಪ್ಸು ಅನ್ನೋ ಸಣ್ಣ ಕೀಟ. ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಅದಕ್ಕೂ ರೆಕ್ಕೆ ಇದೆ, ರೆಕ್ಕೆಯ ಅಂಚಿಗೆ ಕುಚ್ಚು ಕೂಡ ಇದೆ. ಮೊದಲ ಸಲ ಟಿವಿಯಲ್ಲಿ ನೋಡಿದಾಗ ಇವರನ್ನು ಆಫೀಸಿನ ಕರೆಯ ಮಧ್ಯೆ ಎಬ್ಬಿಸಿಕೊಂಡು ಬಂದಿದ್ದೆ.

ಹಾಲು ಒಲೆ ಮೇಲಿಟ್ಟಿದ್ದೆ. ಬಂದೆ ಇರಿ.

ಹೂಂ. ಉಕ್ಕಲಿಲ್ಲ.

ಸಿಟ್ಟು ಯಾಕೆ ಅಂದರೆ, ಆ ಜೇಡದ ಫೋಟೋ ಸುಮ್ನೆ ಬಂದಿದ್ದಲ್ಲ. ಇಷ್ಟು ಹತ್ತಿರದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವುದು ಅರ್ಧ ಮಿಲಿಮೀಟರಿನ ಆಸುಪಾಸು. ಜೇಡದ ಕಣ್ಣು ಸರಿಯಾಗಿದ್ದರೆ ಕಾಲು ಮಸುಕು, ಕಾಲು ಸರಿಯಾಗಿದ್ದರೆ ಹೊಟ್ಟೆ ಮಸುಕು. ಟ್ಯೂಬ್ ಹಾಕಿದ್ದಕ್ಕೆ ಬೆಳಕು ಬೇರೆ ಕಾಲು ಭಾಗಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಲೆನ್ಸಿನದೇ ನೆರಳು ಹೂವಿನ ಮೇಲೆ. ಹೊರಗೆ ಗಾಳಿ. ಈ ವರ್ಷ ಮಳೆ ಚೆನ್ನಾಗಿ ಹಿಡಿದಿದೆ, ಕನ್ನಂಬಾಡಿ ತುಂಬಿದೆ, ಸಂತೋಷವೇ. ಆದರೆ ಆಗಸ್ಟಿನ ಮೈಸೂರು ಗಾಳಿಯಲ್ಲಿ ಹೂವೊಂದು ನಿಂತಲ್ಲಿ ನಿಲ್ಲುವುದಿಲ್ಲ. ಕೊನೆಗೆ ಕೊಂಬೆಯನ್ನು ಬಟ್ಟೆ ಕ್ಲಿಪ್ಪಿನಿಂದ ಕೋಲಿಗೆ ಕಟ್ಟಿ, ಇವರ ಬಿಳಿ ಪಂಚೆಯನ್ನು ಬಿಸಿಲಿಗೆ ಅಡ್ಡ ಹಿಡಿಸಿ, ಉಸಿರು ಬಿಗಿಹಿಡಿದು ತೆಗೆದಿದ್ದು. ಪಂಚೆ ಹಿಡಿದು ನಿಂತ ಇವರಿಗೆ ತಿಂಡಿ ತಡವಾಯಿತು ಅನ್ನೋ ಬೇಸರ ಬೇರೆ.

ಮನೆ ಒಳಗೆ ತೆಗೆಯೋದಾದರೆ ಅದಕ್ಕೆ ಬೇರೆ ಜಗಳ. ಫ್ಯಾನ್ ಆಫ್ ಮಾಡಬೇಕು. ಫ್ಯಾನ್ ಆಫ್ ಮಾಡಿದ ಕೂಡಲೇ ಈ ಮನೆಯಲ್ಲಿ ಎಲ್ಲರಿಗೂ ಸೆಕೆ ಶುರುವಾಗುತ್ತದೆ, ಆಗಸ್ಟಿನಲ್ಲೂ.

ಜೇಡ ಹಿಡಿದು ಒಂದು ಗಳಿಗೆ ಫ್ರಿಜ್ಜಿನಲ್ಲಿಟ್ಟರೆ ಅಲ್ಲಾಡುವುದಿಲ್ಲ, ಆರಾಮಾಗಿ ತೆಗೆಯಬಹುದು ಅನ್ನುವವರೂ ಇದ್ದಾರೆ. ಹಾಗೆ ಮಾಡುವವರು ಸಾಕಷ್ಟು ಜನ. ನನಗೆ ಅದು ಹಿಡಿಸುವುದಿಲ್ಲ. ಚಳಿಗೆ ಮರಗಟ್ಟಿದ ಜೀವವನ್ನು ಹೂವಿನ ಮೇಲೆ ಕೂರಿಸಿ 'ಪ್ರಕೃತಿ' ಅಂತ ಬರೆದು ಹಾಕೋದು ಯಾವ ನ್ಯಾಯ? ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿ ಇಬ್ಬನಿ ಅನ್ನುವುದನ್ನು ಬೇಕಾದರೆ ಕ್ಷಮಿಸಬಹುದು, ಅದರಿಂದ ಯಾರಿಗೂ ನೋವಿಲ್ಲ. ನಿಜವಾದ ಮಳೆಹನಿಯೇ ಈಗ ಧಾರಾಳವಾಗಿ ಸಿಗುವಾಗ ಅದೂ ಯಾಕೋ. ಹನಿಯೇ ಒಂದು ಲೆನ್ಸು, ಅದರ ಹಿಂದಿನ ಹೂವು ಅದರೊಳಗೆ ತಲೆಕೆಳಗಾಗಿ ಕಾಣುತ್ತದೆ. ಬೆಳಿಗ್ಗೆ ಗರಿಕೆ ಕೀಳುವಾಗ ಬಗ್ಗಿ ನೋಡಿ.

ಸುಮಕ್ಕನ ವಿಷಯಕ್ಕೆ ಬರುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಅತ್ತೆ ಸೋಫಾದಲ್ಲಿ ಕೂತು ಫೋನ್ ನೋಡುತ್ತಿದ್ದರು. ಸುಮಕ್ಕ ಅವರಿಗೂ ಕಳಿಸಿದ್ದಾರೆ. ಅತ್ತೆ ಕನ್ನಡಕ ಏರಿಸಿ, ಇಳಿಸಿ, ಫೋನನ್ನು ದೂರ ಹಿಡಿದು, "ಇದು ಯಾರ ಮನೆ ಹೂವು?" ಅಂದರು.

"ನಮ್ಮದೇ ಅತ್ತೆ. ಹಿತ್ತಲಿನದು."

"ನಮ್ಮದಲ್ಲ ಇದು. ನಮ್ಮದು ಒಂಟಿ ಸುತ್ತಿನ ಹೂವು, ಐದು ಎಸಳು. ಇದಕ್ಕೆ ಆರಿದೆ."

ಎಣಿಸಿದೆ. ಆರು! ಜೇಡ ಕಿತ್ತ ಜಾಗಕ್ಕೆ ಏನಾದರೂ ತುಂಬಬೇಕಲ್ಲ, ಫೋನು ತಾನೇ ಒಂದು ಎಸಳು ಬರೆದು ಇಟ್ಟಿದೆ. ನುಣ್ಣಗೆ, ಒಂದು ಗೆರೆಯೂ ಇಲ್ಲದೆ. ಪಕ್ಕದ ಎಸಳಿನ ಅಂಚಿನಲ್ಲಿ ಯಾವುದೋ ಹುಳ ಕಡಿದು ಸಣ್ಣ ತೂತಾಗಿತ್ತು, ಅದನ್ನೂ ಮುಚ್ಚಿದೆ. ಐದೂ ಎಸಳು ಒಂದೇ ಕಡೆಗೆ ತಿರುಚಿಕೊಂಡು ಗಿರಗಟ್ಟಲೆಯ ಹಾಗಿರುವ ಹೂವು ಅದು. ಆ ಆರನೆಯದು ಮಾತ್ರ ಎತ್ತಲೂ ತಿರುಗದೆ ನೆಟ್ಟಗಿತ್ತು. ಮಧ್ಯಾಹ್ನದಿಂದ ಅದೇ ಫೋಟೋ ನೋಡಿ ನೋಡಿ ಕುದಿಯುತ್ತಿದ್ದ ನಾನು ಜೇಡ ಹೋಗಿದ್ದನ್ನಷ್ಟೇ ನೋಡಿದ್ದೆ. ಅತ್ತೆಗೆ ಜೇಡದ ಸಂಗತಿಯೇ ಗೊತ್ತಿರಲಿಲ್ಲ.

ಕಥೆ ಎಲ್ಲ ಹೇಳಿದೆ. ನನ್ನ ಪಕ್ಷ ವಹಿಸುತ್ತಾರೆ ಅಂದುಕೊಂಡಿದ್ದೆ.

"ಹೂವಿದ್ದಲ್ಲಿ ಹುಳ ಇರುತ್ತೆ. ಕೊಡವಿ ಇಡೋದಪ್ಪ. ಹುಳ ತಿಂದಿದ್ದನ್ನ ದೇವರಿಗೆ ಇಡಬಾರದು, ಅಷ್ಟೇ. ಸುಮಾ ಮಾಡಿದ್ದರಲ್ಲಿ ಏನು ತಪ್ಪು? ಅವಳು ಫೋನಲ್ಲಿ ಕೊಡವಿದಳು."

"ಇಲ್ಲದ ಎಸಳು ಅಂಟಿಸಿದ್ದಾಳಲ್ಲ ಅತ್ತೆ?"

"ಅದು ತಪ್ಪು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನೂ ಏನು ಕಮ್ಮಿ ಇಲ್ಲ ಬಿಡು. ಅಷ್ಟು ಹತ್ತಿರ ಮೂತಿ ಇಟ್ಟು ನೋಡಿದ ಹೂವು ಮೂಸಿದ ಹಾಗೇ. ನಂಗೆ ದೇವರಿಗೆ ಬೇಡ."

ಇದು ನಮ್ಮ ಮನೆಯಲ್ಲಿ ಈಗ ಕಾನೂನು. ಮೂಸಿದ ಹೂ ದೇವರಿಗಲ್ಲ ಅನ್ನೋದು ಎಲ್ಲರ ಮನೆಯಲ್ಲೂ ಇದೆ. ಫೋಟೋ ತೆಗೆದ ಹೂವೂ ಅಲ್ಲ ಅನ್ನೋದು ನಮ್ಮ ಮನೆಯಲ್ಲಿ ಮಾತ್ರ. ನಾನು ತೆಗೆದ ಹೂಗಳೆಲ್ಲ ಅಡುಗೆಮನೆ ಕಿಟಕಿಯ ಹಾರ್ಲಿಕ್ಸ್ ಬಾಟಲಿಗೆ ಹೋಗುತ್ತವೆ.

ಆದರೂ ಕೊಡವಿದ್ದು ತಪ್ಪಲ್ಲ ಅನ್ನೋ ಮಾತು ತಲೆ ಕೊರೆಯುತ್ತಿದೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಮೇಷ್ಟ್ರ ಬಗ್ಗೆ ಹಿಂದೆ ಓದಿದ್ದೆ. ಬರ್ಲಿನ್ನಿನ ಕಲಾಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ತಾವೇ ಕಟ್ಟಿಕೊಂಡ ಕ್ಯಾಮೆರಾದಲ್ಲಿ ಮೊಗ್ಗು, ಕುಡಿ, ಬೀಜದ ಕಾಯಿಗಳನ್ನು 30 ಪಟ್ಟಿನವರೆಗೂ ದೊಡ್ಡದು ಮಾಡಿ ತೆಗೆದರು. ವಿದ್ಯಾರ್ಥಿಗಳಿಗೆ ವಿನ್ಯಾಸ ಕಲಿಸಲು. 1928ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ ಅರವತ್ತು ದಾಟಿತ್ತು, ಆಮೇಲೆ ಭಾರೀ ಹೆಸರಾಯಿತು. ಆ ಚಿತ್ರಗಳನ್ನು ನೋಡಿದರೆ ಗಿಡವೋ ಕಬ್ಬಿಣದ ಕೆತ್ತನೆಯೋ ತಿಳಿಯುವುದಿಲ್ಲ. ಅವರೂ ಬೇಡದ ಎಲೆ, ಕವಲುಗಳನ್ನು ಕತ್ತರಿಸಿ, ಸವರಿಯೇ ತೆಗೆಯುತ್ತಿದ್ದರಂತೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಸುಮಕ್ಕನ ಮೇಲೆ ಬರುತ್ತದೆ. ಯಾಕೆ? ಆ ಮೇಷ್ಟ್ರು ಕತ್ತರಿಸಿದ್ದು ತಾವು ದಿನವೆಲ್ಲ ಕೂತು ನೋಡಿದ ಗಿಡವನ್ನು. ಸುಮಕ್ಕನ ಮಗ ನೋಡಲೇ ಇಲ್ಲ. ಇದೇ ಕಾರಣ ಅಂತ ಹೇಳಿಕೊಳ್ಳಬಹುದು. ಫೋಟೋ ನನ್ನದು ಅನ್ನೋದೇ ನಿಜವಾದ ಕಾರಣ ಇರಲೂಬಹುದು. ಇವರು ಹಾಗೇ ಅಂದರು, ಮೊಸರನ್ನ ಕಲಸುತ್ತಾ. ಉತ್ತರ ಕೊಡಲಿಲ್ಲ ನಾನು.

ಸುಮಕ್ಕ ಕೆಟ್ಟವರಲ್ಲ. ಅತ್ತೆಯ ಮಂಡಿ ಆಪರೇಷನ್ ಸಮಯದಲ್ಲಿ ಹದಿನೈದು ದಿನ ಸಾರು ಕಳಿಸಿದವರು. ಆ ಸಾರಿನಲ್ಲಿ ಒಂದು ಸಲ ಇರುವೆ ಇತ್ತು, ನಾವು ಯಾರೂ ಮಾತಾಡಲಿಲ್ಲ.

ನಾಳೆ ಆಗಸ್ಟ್ ಹದಿನೈದು, ಇವರಿಗೆ ರಜೆ. ಬೆಳಿಗ್ಗೆಯೇ ದೇವರಾಜ ಮಾರುಕಟ್ಟೆಗೆ ಹೋಗಿಬರಬೇಕು. ಸೇವಂತಿಗೆ, ಮಲ್ಲಿಗೆ, ಬಾಳೆಕಂದು, ಮಾವಿನ ಸೊಪ್ಪು. ಕನಕಾಂಬರ ಹಬ್ಬದ ಮುಂಚೆ ಮುಟ್ಟೋ ಹಾಗಿರೋದಿಲ್ಲ, ಆದರೂ ಅತ್ತೆಗೆ ಎರಡು ಮೊಳ ಬೇಕೇ ಬೇಕು. ಕೇದಗೆ ಸಿಕ್ಕರೆ ಎರಡು ತರಿಸಬೇಕು ಅಂತ ನನ್ನ ಯೋಚನೆ. ಒಂದು ಲಕ್ಷ್ಮಿಯ ಜಡೆಗೆ. ಇನ್ನೊಂದು ಬಿಚ್ಚಿ ನೋಡೋಕೆ. ನಾವು ಹೂವು ಎಂದು ಮುಡಿಯುವ ಆ ಹಳದಿ ಗರಿ ನಿಜವಾಗಿ ಎಲೆಯ ಥರದ್ದು, ಅಸಲು ಹೂಗಳು ಅದರೊಳಗೆ ಒತ್ತೊತ್ತಾಗಿ ಕೂತಿರುವ ಬರೀ ಕೇಸರಗಳು. ಘಮಘಮ ಅಂತ ಮಾರೋದು ಗಂಡು ಗೊಂಚಲನ್ನೇ. ಅದನ್ನು ಟ್ಯೂಬ್ ಹಾಕಿ ನೋಡಬೇಕು. ಬೆಲೆ ಕೇಳಿ ಇವರು ಒಂದೇ ತಂದರೆ ಅತ್ತೆ ಮೊದಲು ಕೈ ಹಾಕುತ್ತಾರೆ, ಕ್ಯಾಮೆರಾ ತೋರಿಸಿದರೆ ಅದೂ ಹಾರ್ಲಿಕ್ಸ್ ಬಾಟಲಿಗೇ ಹೋಗಬೇಕಾಗುತ್ತದೆ, ಲಕ್ಷ್ಮಿಗೆ ಜಡೆಯಲ್ಲಿ ಏನೂ ಇಲ್ಲದೆ, ಆಗ ಸುಮಕ್ಕನ ಮನೆಯಿಂದಲೇ ಒಂದು ಗರಿ ಕೇಳಬೇಕು, ಸಕ್ಕರೆ ಬೇರೆ ಅವರಿಂದ ಬರಬೇಕಲ್ಲ.