ಮುಂದಿನ ಡಿರೇಲರ್‌ಗೆ ಚೈನ್ ಉಜ್ಜೋದು: ನನ್ನ ಹೈಬ್ರಿಡ್ ಸೈಕಲ್ ಕೆಲಸ ಎಲ್ಲಿಗೆ ಬಂತು

ಹಿಂದಿನ ಏಳೂ ಗೇರು ಈಗ ಸರಿಯಾಗಿ ಬೀಳ್ತಿವೆ, ಗೇರ್ ವೈರು, ಅದರ ಮೇಲಿನ ಕೊಳವೆ (ಔಟರ್) ಎರಡೂ ಹೊಸದು ಹಾಕಾಯ್ತು. ಉಳಿದಿದ್ದು ಮುಂದಿನ ಡಿರೇಲರ್, ಅಂದ್ರೆ ಪೆಡಲ್ ಹತ್ರ ಚೈನನ್ನ ಒಂದು ರಿಂಗಿಂದ ಇನ್ನೊಂದಕ್ಕೆ ದಾಟಿಸೋ ಭಾಗ. ಸೈಕಲ್ಲು 3x7, ಅಂದ್ರೆ ಮುಂದೆ ಮೂರು ಹಿಂದೆ ಏಳು ಹಲ್ಲುಚಕ್ರ, ಮುಂದಿನವು 48-38-28 ಹಲ್ಲಿನ ಚೈನ್‌ರಿಂಗು, ಡಿರೇಲರ್ ಶಿಮಾನೋ ಟೂರ್ನಿ. ನಡುವಿನ ರಿಂಗಲ್ಲಿ ಓಡಿಸ್ತಿದ್ರೆ ಚೈನು ಕೇಜಿಗೆ (ಚೈನಿನ ಎರಡೂ ಪಕ್ಕ ಇರೋ ಡಿರೇಲರಿನ ಪ್ಲೇಟುಗಳಿಗೆ) ಉಜ್ಜಿ ಕರಕರ ಅಂತಾನೇ ಇರೋದು, ಚಾಮುಂಡಿ ಬೆಟ್ಟ ಹತ್ತೋವಾಗಂತೂ ದಾರಿಯುದ್ದಕ್ಕೂ ಅದೇ ಸದ್ದು.

ಟೂಲ್ ಕೈಗೆ ತಗೊಳ್ಳೋ ಮೊದಲು ಒಂದು ವಿಷಯ ನೋಡ್ಕೋಬೇಕು. ಸದ್ದು ಬಿಡದೆ ಬರ್ತಿದ್ಯಾ, ಇಲ್ಲಾ ಪೆಡಲ್ ಒಂದು ಸುತ್ತು ಬಂದಾಗ ಒಂದ್ಸಲ ಮಾತ್ರ ಬರ್ತಿದ್ಯಾ ಅಂತ. ಸುತ್ತಿಗೆ ಒಂದ್ಸಲ ಅಂದ್ರೆ ಚೈನ್‌ರಿಂಗ್ ಬಾಗಿರುತ್ತೆ ಅಥವಾ ಬಾಟಮ್ ಬ್ರಾಕೆಟಲ್ಲಿ, ಅಂದ್ರೆ ಪೆಡಲಿನ ಕ್ರ್ಯಾಂಕ್ ತಿರುಗೋ ಅಚ್ಚಲ್ಲಿ, ಸಡಿಲ ಇರುತ್ತೆ, ಆಗ ಡಿರೇಲರ್ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿ ನೋಡ್ದೆ, ಗಟ್ಟಿಯಾಗಿದೆ. ರಿಂಗೂ ನೆಟ್ಟಗೆ ತಿರುಗ್ತಿದೆ. ಅಲ್ಲಿಗೆ ಡಿರೇಲರ್ರೇ ಅಂತ ಖಾತ್ರಿ ಆಯ್ತು.

ಶನಿವಾರ ಮೊದಲು ವೈರು ಪೂರ್ತಿ ಬಿಚ್ಚಿದೆ. ವೈರಿನ ಎಳೆತ ಇದ್ದಾಗ ಲಿಮಿಟ್ ಸ್ಕ್ರೂ (ಕೇಜು ಗಡಿ ದಾಟಿ ಸರಿಯದ ಹಾಗೆ ತಡೆಯೋ ಸ್ಕ್ರೂ) ಮುಟ್ಟಿದ್ರೆ ಯಾವುದು ಯಾವುದನ್ನ ತಡೀತಿದೆ ಅಂತಾನೇ ಗೊತ್ತಾಗಲ್ಲ. ಆಮೇಲೆ ಕೇಜಿನ ಎತ್ತರ. ಕೇಜನ್ನ ಕೈಯಲ್ಲೇ ಹೊರಗೆ ತಳ್ಳಿ ದೊಡ್ಡ ರಿಂಗಿನ ಮೇಲೆ ತಂದು ಹಿಡಿದ್ರೆ ಹೊರಗಿನ ಪ್ಲೇಟಿಗೂ ಹಲ್ಲಿನ ತುದಿಗೂ 1ರಿಂದ 3 ಮಿ.ಮೀ. ಸಂದು ಇರ್ಬೇಕು, ನನ್ನದ್ರಲ್ಲಿ ಬೆರಳೇ ತೂರೋಷ್ಟಿತ್ತು. ಕ್ಲ್ಯಾಂಪ್ ಬೋಲ್ಟ್ 5 ಮಿ.ಮೀ. ಅಲೆನ್ ಕೀಯಲ್ಲಿ ಸಡಿಲ ಮಾಡಿ ಇಳಿಸ್ದೆ, ಈಗ ಒಂದು ರೂಪಾಯಿ ನಾಣ್ಯ ಆರಾಮಾಗಿ ನುಸುಳುತ್ತೆ. ಎತ್ತರ ಸರಿ ಮಾಡೋವಾಗ್ಲೇ ಕೋನಾನೂ ನೋಡ್ಕೋಬೇಕು, ಮೇಲಿಂದ ಬಗ್ಗಿ ನೋಡಿದ್ರೆ ಹೊರಗಿನ ಪ್ಲೇಟು ಚೈನ್‌ರಿಂಗಿಗೆ ಸಮಾನಾಂತರವಾಗಿ ಕಾಣ್ಬೇಕು, ಕೇಜಿನ ಬಾಲ ಸ್ವಲ್ಪ ಒಳಗೋ ಹೊರಗೋ ತಿರುಗಿದ್ರೂ ಯಾವುದೋ ಒಂದು ಗೇರಲ್ಲಿ ಉಜ್ಜೇ ಉಜ್ಜುತ್ತೆ, ಇನ್ನೊಂದು ತಾಪತ್ರಯ ಅಂದ್ರೆ ಬೋಲ್ಟ್ ಬಿಗಿ ಮಾಡೋವಾಗ ಕೇಜು ತಾನೇ ಒಂಚೂರು ತಿರುಗ್ಬಿಡುತ್ತೆ, ಅದಕ್ಕೆ ಎಡಗೈಯಲ್ಲಿ ಅದನ್ನ ಹಿಡಿದುಕೊಂಡೇ ಬಿಗಿ ಮಾಡ್ಬೇಕು. ಜಾಸ್ತಿ ಸಮಯ ಹೋಗಿದ್ದು ಇಲ್ಲೇ, ಹೋಗ್ಲೇಬೇಕಾದ್ದೂ ಇಲ್ಲೇ.

ಭಾನುವಾರ ಲಿಮಿಟ್ ಕೆಲಸ. ಚೈನು ಮುಂದೆ ಚಿಕ್ಕ ರಿಂಗು, ಹಿಂದೆ ಅತಿ ದೊಡ್ಡ ಹಲ್ಲುಚಕ್ರದ ಮೇಲೆ. ಒಳಗಿನ ಗಡಿಯ L ಸ್ಕ್ರೂ ತಿರುಗಿಸಿ ಒಳಗಿನ ಪ್ಲೇಟಿಗೂ ಚೈನಿಗೂ ಅರ್ಧ ಮಿ.ಮೀ.ಗಿಂತ ಕಮ್ಮಿ ಸಂದು ಇಟ್ಟೆ. ಇನ್ನೂ ಸಡಿಲ ಬಿಟ್ರೆ ಚೈನು ಒಳಗಡೆ ಫ್ರೇಮಿನ ಕಡೆ ಬಿದ್ದೋಗುತ್ತೆ. ಎಡಗಡೆ ಶಿಫ್ಟರನ್ನ 1ಕ್ಕೆ ತಂದು, ಬ್ಯಾರಲ್ ಅಡ್ಜಸ್ಟರ್ (ವೈರಿನ ಬಿಗಿ ಹೆಚ್ಚು ಕಮ್ಮಿ ಮಾಡೋ ತಿರುಪು) ಪೂರ್ತಿ ಒಳಕ್ಕೆ ತಿರುಗಿಸಿ ಒಂದು ಸುತ್ತು ವಾಪಸ್ ಬಿಟ್ಟು, ವೈರು ಎಳೆದು ಕಟ್ಟಿದೆ.

ಈಗ ನಡುವಿನ ರಿಂಗು. L ಸ್ಕ್ರೂ, ಹೊರಗಿನ ಗಡಿಯ H ಸ್ಕ್ರೂ ಎರಡೂ ಎರಡು ತುದಿಯ ಗಡಿ ಅಷ್ಟೇ, ನಡುವಲ್ಲಿ ಕೇಜು ಎಲ್ಲಿ ನಿಲ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ವೈರಿನ ಬಿಗಿ. ನಡುವಿನ ರಿಂಗಲ್ಲಿ ಉಜ್ಜುತ್ತೆ ಅಂತ ಸ್ಕ್ರೂ ತಿರುಗಿಸೋರು ತುಂಬಾ ಜನ, ಅದರಿಂದ ಸರಿಯಿದ್ದ ಗಡಿಗಳೂ ಕೆಡ್ತವೆ. ಮುಂದೆ ನಡುವಿನದು, ಹಿಂದೆ ಅತಿ ದೊಡ್ಡದು ಹಾಕಿ ಒಳಗಿನ ಪ್ಲೇಟ್ ನೋಡ್ದೆ, ತಾಗ್ತಿತ್ತು. ತಾಗಿದ್ರೆ ಬ್ಯಾರಲ್ ಒಳಕ್ಕೆ ತಿರುಗಿಸ್ಬೇಕು, ವೈರು ಸಡಿಲ ಆಗಿ ಕೇಜು ಒಳಗೆ ಸರಿಯುತ್ತೆ. ಚಿಕ್ಕ ಹಲ್ಲುಚಕ್ರದ ಕಡೆ ಹೋದಾಗ ಹೊರಗಿನ ಪ್ಲೇಟ್ ತಾಗಿದ್ರೆ ಅದರ ಉಲ್ಟಾ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲಕ್ಕೆ ತಿರುಗಿಸ್ಲಿಲ್ಲ, ಕರಕರ ಪೂರ್ತಿ ಹೋಯ್ತು!

ಕೊನೆಗೆ H. ದೊಡ್ಡ ರಿಂಗು, ಹಿಂದೆ ಅತಿ ಚಿಕ್ಕದು, ಹೊರಗಿನ ಪ್ಲೇಟಿಗೆ ಅದೇ ಅರ್ಧ ಮಿ.ಮೀ. ಲೆಕ್ಕ.

ಸಂಜೆ ಲಲಿತ ಮಹಲ್ ಕಡೆಯಿಂದ ಬೆಟ್ಟ ಹತ್ತಿ ಬಂದೆ. ಏರಲ್ಲಿ ನಡುವಿಂದ ಚಿಕ್ಕ ರಿಂಗಿಗೆ ಒಂದೇ ಒತ್ತಿಗೆ ಇಳೀತು, ಟೈರಿನ ಸದ್ದು ಬಿಟ್ರೆ ಬೇರೇನೂ ಕೇಳಿಸ್ಲಿಲ್ಲ, ಎಷ್ಟು ಖುಷಿ ಆಯ್ತು ಅಂದ್ರೆ ಇಳಿದ ಮೇಲೆ ಉತ್ತನಹಳ್ಳಿ ಕಡೆಗೂ ಒಂದು ರೌಂಡ್ ಹೋದೆ. ಮುಂದೆ ದೊಡ್ಡದು ಹಿಂದೆ ದೊಡ್ಡದು ಹಾಕಿದ್ರೆ ಈಗ್ಲೂ ಸ್ವಲ್ಪ ಉಜ್ಜುತ್ತೆ, ಅಲ್ಲಿ ಚೈನು ಅಷ್ಟು ಓರೆಯಾಗಿ ಹೋಗುತ್ತೆ, ಆ ಗೇರು ಬಳಸೋದೇ ಬೇಡ, ಅದಕ್ಕೋಸ್ಕರ ಉಳಿದಿದ್ದನ್ನ ಕೆಡಿಸಲ್ಲ. ಹೊಸ ವೈರು, ಔಟರ್ ಕೂತ್ಕೊಳ್ತಾ ಸ್ವಲ್ಪ ಸಡಿಲ ಆಗುತ್ತೆ, ಆಗ ಬ್ಯಾರಲ್ ಒಂದನ್ನೇ ಮುಟ್ಟೋದು. ಮುಂದಿನ ವಾರ ಚೈನ್ ಸವೆತ ಅಳೀಬೇಕು, ಸವೆದು ಶೇ. 0.75ಕ್ಕಿಂತ ಜಾಸ್ತಿ ಉದ್ದ ಆಗಿದ್ರೆ ಹೊಸದು ಹಾಕ್ತೀನಿ.